ಮಡಕೆ ಗ್ರೀಕರದ್ದು, ನೆಲ ಯಾರದ್ದು?

ಇಟಲಿಯ ಪುಟ್ಟ ದ್ವೀಪವೊಂದರ ಸಮಾಧಿಗಳಲ್ಲಿ ಸಿಕ್ಕ ಗ್ರೀಕ್ ಮಡಕೆಗಳನ್ನು ನೋಡಿ, ಇದು 'ಗ್ರೀಕರ ಮೊದಲ ವಸಾಹತು' ಎಂದು ಬರೆದಿಟ್ಟರು. ಅದೇ ಮಡಕೆಗಳನ್ನು ಪಕ್ಕದಲ್ಲಿದ್ದ ಮೂಳೆ, ಮಣ್ಣು, ಪಿನ್ನುಗಳ ಜೊತೆ ಇಟ್ಟು ಮತ್ತೆ ಓದಿದಾಗ ಕತೆ ಅಷ್ಟು ಸಲೀಸಾಗಿ ಉಳಿಯಲಿಲ್ಲ. ಒಂದು ಮಡಕೆ ಚೂರಿನಿಂದ 'ಈ ನೆಲ ಯಾರದ್ದು' ಅಂತ ತೀರ್ಪು ಕೊಡಬಹುದಾ? ಇವತ್ತಿಗೂ ಬಿಸಿಯಾಗಿರುವ ಪ್ರಶ್ನೆ ಇದು.

ಅಂಗೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಬಟ್ಟಲು ಅದು. ಎತ್ತರ ಸುಮಾರು 10 ಸೆಂಟಿಮೀಟರ್. ಎರಡು ಕಡೆ ಪುಟ್ಟ ಹಿಡಿಕೆ, ಮೈಮೇಲೆ ಕಪ್ಪು ಬಣ್ಣದ ಗೆರೆ, ಚೌಕಗಳ ಅಲಂಕಾರ. ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿರುವ ಇಸ್ಕಿಯಾ ದ್ವೀಪದ ಒಂದು ಸಮಾಧಿಯಲ್ಲಿ ಇದು 1954ರಲ್ಲಿ ಚೂರುಚೂರಾಗಿ ಸಿಕ್ಕಿತು. ಕ್ರಿ.ಪೂ. 8ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು. ಚೂರುಗಳನ್ನು ಜೋಡಿಸಿದಾಗ ಅದರ ಮೇಲೆ ಮೂರು ಸಾಲಿನ ಬರಹ ಕಾಣಿಸಿತು. ಬಟ್ಟಲು ಸುಟ್ಟು ಗಟ್ಟಿಯಾದ ಮೇಲೆ, ಚೂಪಾದ ವಸ್ತುವಿನಿಂದ, ಬಲದಿಂದ ಎಡಕ್ಕೆ ಗೀಚಿದ ಬರಹ. ಈವರೆಗೆ ಸಿಕ್ಕಿರುವ ಅತಿ ಹಳೆಯ ಗ್ರೀಕ್ ಅಕ್ಷರಗಳ ಸಾಲಿಗೆ ಇದೂ ಸೇರುತ್ತದೆ. ಮಹಾಕಾವ್ಯದಲ್ಲಿ ಬರುವ ನೆಸ್ಟರ್ ಎಂಬ ವೀರನ ಬಟ್ಟಲನ್ನು ನೆನೆದು, ಪ್ರೇಮದೇವತೆ ಆಫ್ರೊಡೈಟಿಯ ಹೆಸರೆತ್ತಿ, ಕುಡಿಯುವವರನ್ನು ಕಿಚಾಯಿಸುವ ಪದ್ಯ. ಹಾಗಾಗಿ ಇದಕ್ಕೆ 'ನೆಸ್ಟರನ ಬಟ್ಟಲು' ಎಂದೇ ಹೆಸರು ಬಿತ್ತು.

ಈಗ ಈ ಬಟ್ಟಲಿನ ವಿಳಾಸ ಹುಡುಕೋಣ. ಬಟ್ಟಲು ತಯಾರಾಗಿದ್ದು ಏಜಿಯನ್ ಸಮುದ್ರದ ಪೂರ್ವ ದಿಕ್ಕಿನಲ್ಲಿ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಆಸುಪಾಸು. ಬರೆದ ಲಿಪಿ ಗ್ರೀಸಿನ ಯುಬೋಯಾ ದ್ವೀಪದ್ದು. ಹೂತಿದ್ದು ಇಟಲಿಯಲ್ಲಿ. ಮಣ್ಣು ಒಂದು ಕಡೆ, ಅಕ್ಷರ ಇನ್ನೊಂದು ಕಡೆ, ಸಾವು ಮತ್ತೊಂದು ಕಡೆ. ಹಾಗಾದರೆ ಈ ಬಟ್ಟಲು ಯಾರದ್ದು?

ಬಹಳ ಕಾಲ ಇದಕ್ಕೆ ಒಂದೇ ಪದದ ಉತ್ತರ ಸಿಗುತ್ತಿತ್ತು: ಗ್ರೀಕರದ್ದು. ಅದರ ಬೆನ್ನಿಗೇ ಎರಡನೇ ವಾಕ್ಯ ಬರುತ್ತಿತ್ತು: ಆದ್ದರಿಂದ ಇದು ಗ್ರೀಕರ ವಸಾಹತು. ಈ ಎರಡು ವಾಕ್ಯಗಳ ನಡುವೆ ಇರುವ 'ಆದ್ದರಿಂದ' ಎಂಬ ಪದವೇ ನಮ್ಮ ತಕರಾರು.

ಕೋತಿಗಳ ದ್ವೀಪವೋ, ಗುಡಾಣಗಳ ದ್ವೀಪವೋ

ಗ್ರೀಕರು ಈ ಊರನ್ನು ಪಿಥೆಕೂಸಾಯ್ ಎಂದು ಕರೆಯುತ್ತಿದ್ದರು. ಗ್ರೀಕ್ ಭಾಷೆಯಲ್ಲಿ 'ಪಿಥೆಕೋಸ್' ಅಂದರೆ ಕೋತಿ. ಆದರೆ ರೋಮನ್ ಬರಹಗಾರ ಪ್ಲಿನಿ ಇದನ್ನು ಒಪ್ಪಲಿಲ್ಲ. ಹೆಸರು ಬಂದಿದ್ದು ಕೋತಿಗಳಿಂದಲ್ಲ, ಇಲ್ಲಿ ಮಾಡುತ್ತಿದ್ದ ದೊಡ್ಡ ದೊಡ್ಡ ಮಣ್ಣಿನ ಗುಡಾಣಗಳಿಂದ ಎಂದು ಆತ ಬರೆದ. ಯಾರು ಸರಿಯೋ ಇರಲಿ, ಊರಿನ ಹೆಸರಿನ ಜಗಳದಲ್ಲೇ ಕುಂಬಾರಿಕೆ ಇರುವುದು ಗಮನಿಸಬೇಕಾದ ಮಾತು.

ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಹೇಳುವ ಪ್ರಕಾರ, ಯುಬೋಯಾದ ಎರೆಟ್ರಿಯಾ ಮತ್ತು ಖಾಲ್ಕಿಸ್ ಎಂಬ ಎರಡು ಊರಿನವರು ಬಂದು ಇಲ್ಲಿ ನೆಲೆಸಿದರು. ಆಮೇಲೆ ತಮ್ಮೊಳಗಿನ ಜಗಳದಿಂದಲೂ, ಭೂಕಂಪ, ಜ್ವಾಲಾಮುಖಿಗಳಿಂದಲೂ ಬಿಟ್ಟು ಹೋದರು. ಸ್ಟ್ರಾಬೋ ಇದನ್ನು ಬರೆದದ್ದು ಘಟನೆ ನಡೆದ ಸುಮಾರು 700 ವರ್ಷಗಳ ನಂತರ ಎಂಬುದು ನೆನಪಿರಲಿ.

ನೆಲದೊಳಗಿನ ಸಾಕ್ಷ್ಯ ಹೊರಬರಲು ಶುರುವಾಗಿದ್ದು 1952ರಲ್ಲಿ. ಜಾರ್ಜಿಯೋ ಬುಖ್ನರ್ ಎಂಬ ಪುರಾತತ್ವಜ್ಞ ದ್ವೀಪದ ಲಾಕ್ಕೋ ಅಮೇನೋ ಊರಿನ ಬಳಿ, ಸಾನ್ ಮೊಂತಾನೋ ಕಣಿವೆಯಲ್ಲಿ ಅಗೆಯತೊಡಗಿದರು. ಅದೊಂದು ದೊಡ್ಡ ಸ್ಮಶಾನ. 1952ರಿಂದ 1961ರವರೆಗೆ ತೆಗೆದ ಸಮಾಧಿಗಳ ವಿವರವೇ 723. ಅದನ್ನು ಬುಖ್ನರ್ ಮತ್ತು ಡೇವಿಡ್ ರಿಜ್‌ವೇ ಪುಸ್ತಕವಾಗಿ ಹೊರತಂದದ್ದು 1993ರಲ್ಲಿ. ಅಗೆಯುವುದು ಸುದ್ದಿಯಾಗುತ್ತದೆ, ಅಗೆದದ್ದನ್ನು ತೊಳೆದು, ಜೋಡಿಸಿ, ಬರೆಯುವುದಕ್ಕೆ ಒಂದು ಜೀವಮಾನವೇ ಬೇಕು.

ಸಿಕ್ಕಿದ್ದಾದರೂ ಏನು? ಕೊರಿಂಥ್ ನಗರದ ಪುಟ್ಟ ಎಣ್ಣೆ ಕುಡಿಕೆಗಳು, ಯುಬೋಯಾದ ಬಟ್ಟಲುಗಳು, ಏಜಿಯನ್ನಿನ ಪೂರ್ವದಿಂದ ಬಂದ ಪಾತ್ರೆಗಳು, ಫಿನೀಷಿಯನ್ನರ ಜಾಡಿಗಳು, ಸಿರಿಯಾ ಕಡೆಯ ಮುದ್ರೆಗಳು, ಈಜಿಪ್ಟಿನ ಜೀರುಂಡೆ ಆಕಾರದ ತಾಯಿತಗಳು. ಜೊತೆಗೆ ಇಟಲಿಯದೇ ಪಾತ್ರೆಗಳು, ಬಟ್ಟೆಗೆ ಚುಚ್ಚುವ ಪಿನ್ನುಗಳು. ದಿಬ್ಬದ ಮೇಲೆ ಎಲ್ಬಾ ದ್ವೀಪದಿಂದ ತಂದ ಕಬ್ಬಿಣದ ಅದಿರಿನ ತುಂಡು, ಲೋಹ ಕಾಯಿಸಿದ ಕಿಟ್ಟ. ಈಗಿನ ಸಾಂತಾ ರೆಸ್ಟಿಟೂಟಾ ಚರ್ಚಿನ ಕೆಳಗೆ ಕುಂಬಾರರ ಆವಿಗೆಗಳು. ಅಂದರೆ ಇದು ಮಡಕೆ ತರಿಸಿಕೊಳ್ಳುತ್ತಿದ್ದ ಊರು ಮಾತ್ರವಲ್ಲ, ಮಾಡುತ್ತಿದ್ದ ಊರು ಕೂಡ.

ಗ್ಲೇಜ್ ಅಲ್ಲದ ಗ್ಲೇಜ್

ಗ್ರೀಕ್ ಮಡಕೆಯ ಹೊಳೆಯುವ ಕಪ್ಪನ್ನು ಎಲ್ಲರೂ 'ಗ್ಲೇಜ್' ಅನ್ನುತ್ತಾರೆ. ನಿಜಕ್ಕೂ ಅದು ಪಿಂಗಾಣಿ ಕಪ್ಪಿನ ಮೇಲಿರುವಂಥ ಗಾಜಿನ ಲೇಪವಲ್ಲ. ಅದೂ ಮಣ್ಣೇ. ಮಡಕೆ ಮಾಡುವ ಕಬ್ಬಿಣಾಂಶದ ಜೇಡಿಯನ್ನೇ ನೀರಲ್ಲಿ ಕದಡಿ, ದಪ್ಪ ಕಣಗಳನ್ನು ತಳಕ್ಕೆ ಇಳಿಸಿ, ಮೇಲೆ ಉಳಿಯುವ ಅತಿ ನುಣುಪಾದ ಕೆನೆಯನ್ನು ಬಳಿಯುತ್ತಿದ್ದರು. ಬಳಿದಾಗ ಅದು ಕಪ್ಪಗೇನೂ ಇರುವುದಿಲ್ಲ. ಕಪ್ಪಾಗುವುದು ಬೆಂಕಿಯಲ್ಲಿ.

ಸುಡುವುದು ಒಂದೇ ಆವಿಗೆಯಲ್ಲಿ, ಆದರೆ ಮೂರು ಹಂತ. ಮೊದಲು ಗಾಳಿ ಚೆನ್ನಾಗಿ ಆಡುವಂತೆ ಬಿಟ್ಟು ಉರಿ ಹಾಕಿದಾಗ ಮಡಕೆಯೆಲ್ಲ ಕೆಂಪಾಗುತ್ತದೆ. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಕಟ್ಟಿಗೆ ತುರುಕಿ, ಹೊಗೆ ಕಟ್ಟಿಸಿ, ಕಾವನ್ನು 900 ಡಿಗ್ರಿ ದಾಟಿಸುತ್ತಾರೆ. ಆಮ್ಲಜನಕ ಸಾಲದೆ ಮಣ್ಣಿನಲ್ಲಿರುವ ಕಬ್ಬಿಣ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ನುಣುಪಾದ ಕೆನೆ ಕರಗಿದಂತಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಕೊನೆಗೆ ಕಂಡಿ ತೆರೆದಾಗ ಬರೀ ಮಣ್ಣಿನ ಭಾಗಕ್ಕೆ ಮತ್ತೆ ಗಾಳಿ ಹೊಕ್ಕು ಅದು ಕೆಂಪಾಗುತ್ತದೆ. ಕೆನೆ ಬಳಿದ ಭಾಗಕ್ಕೆ ಗಾಳಿ ಹೋಗಲಾರದು. ಅದು ಕಪ್ಪಾಗಿಯೇ ಉಳಿಯುತ್ತದೆ. ಕೆಂಪು ಮೈಯ ಮೇಲೆ ಕಪ್ಪು ಹೊಳಪು.

ಈ ಗುಟ್ಟನ್ನು ಆಧುನಿಕ ವಿಜ್ಞಾನ ಬಿಡಿಸಿದ್ದು ಬಹಳ ತಡವಾಗಿ. ಜರ್ಮನಿಯ ಥಿಯೋಡೋರ್ ಶೂಮಾನ್ 1942ರಲ್ಲಿ ಇದನ್ನು ವಿವರಿಸಿ ಮಾಡಿ ತೋರಿಸಿದರು. ಅಕ್ಷರ ಗೊತ್ತಿತ್ತೋ ಇಲ್ಲವೋ ಎಂದು ಹೇಳಲಾಗದ ಕುಂಬಾರರು, ಥರ್ಮಾಮೀಟರ್ ಇಲ್ಲದೆ, ಹೊಗೆಯ ಬಣ್ಣ ನೋಡಿ ಮಾಡುತ್ತಿದ್ದ ಕೆಲಸ ಅದು. ಈ ಕೌಶಲದಲ್ಲಿ ಅಥೆನ್ಸ್ ಮುಂದೆ ಮೆರೆಯಿತು. ಆದರೆ ಅಲ್ಲಿನ ಮಡಕೆಗಳ ಮೇಲೆ ಸಿಗುವ ಚಿತ್ರಕಾರರ ಸಹಿಗಳಲ್ಲಿ 'ಲಿಡೋಸ್', 'ಸ್ಕಿಥೇಸ್' ಎಂಬ ಹೆಸರುಗಳಿವೆ. ಅಂದರೆ 'ಲಿಡಿಯಾದವನು', 'ಸಿಥಿಯಾದವನು'. ಗ್ರೀಕ್ ಕಲೆ ಎಂದು ನಾವು ಮ್ಯೂಸಿಯಂನಲ್ಲಿ ನೋಡುವುದರ ಹಿಂದೆ ಹೊರಗಿನಿಂದ ಬಂದವರ ಕೈಗಳೂ ಇದ್ದಿರಬೇಕು ಎಂಬುದಕ್ಕೆ ಈ ಹೆಸರುಗಳು ಸುಳಿವು.

ಪುರಾತತ್ವಕ್ಕೆ ಮಡಕೆ ಇಷ್ಟು ಮುಖ್ಯ ಯಾಕೆ? ಬಟ್ಟೆ ಕೊಳೆಯುತ್ತದೆ, ಮರ ಗೆದ್ದಲು ತಿನ್ನುತ್ತದೆ, ಲೋಹವನ್ನು ಕರಗಿಸಿ ಮತ್ತೆ ಬಳಸುತ್ತಾರೆ. ಒಡೆದ ಮಡಕೆ ಯಾರಿಗೂ ಬೇಡ. ಬೋಕಿಯಾಗಿ ಬಿದ್ದಲ್ಲೇ ಬಿದ್ದಿರುತ್ತದೆ, ಕೊಳೆಯುವುದೂ ಇಲ್ಲ. ಜೊತೆಗೆ ಅದರ ಮಣ್ಣಿಗೆ ಹುಟ್ಟೂರಿನ ಗುರುತಿರುತ್ತದೆ. ಮಣ್ಣಿನ ಖನಿಜ, ಅದರಲ್ಲಿರುವ ಧಾತುಗಳ ಪ್ರಮಾಣ ಅಳೆದು 'ಇದು ಕೊರಿಂಥಿನದ್ದು, ಇದು ಇಲ್ಲಿಯದೇ ಮಣ್ಣು' ಎಂದು ಇವತ್ತು ಸಾಕಷ್ಟು ಖಚಿತವಾಗಿ ಬೇರ್ಪಡಿಸಬಹುದು. ಪಿಥೆಕೂಸಾಯ್‌ನಲ್ಲಿ ನೋಡಲು ಥೇಟ್ ಆಮದು ಮಾಲಿನಂತೆ ಕಾಣುವ ಎಷ್ಟೋ ಪಾತ್ರೆಗಳು ಸ್ಥಳೀಯ ಆವಿಗೆಯಲ್ಲೇ ಆದವು. ದ್ವೀಪದಲ್ಲೇ ತಯಾರಾದ ಒಂದು ದೊಡ್ಡ ಪಾತ್ರೆಯ ಮೇಲೆ ಹಡಗು ಮಗುಚಿ, ಮುಳುಗಿದವರನ್ನು ಮೀನುಗಳು ತಿನ್ನುತ್ತಿರುವ ಚಿತ್ರವಿದೆ. ಸಮುದ್ರವನ್ನೇ ನಂಬಿ ಬದುಕುತ್ತಿದ್ದವರ ಭಯ ಅದು.

ಮಡಕೆ ಅಂದರೆ ಜನ ಅಲ್ಲ

ಗ್ರೀಕ್ ಮಡಕೆ ಸಿಕ್ಕಿತು, ಆದ್ದರಿಂದ ಗ್ರೀಕರು ಇದ್ದರು. ಕೇಳಲು ಸರಿಯಾಗಿಯೇ ಇದೆ. ಆದರೆ ನಿಮ್ಮ ಅಡುಗೆಮನೆ, ನಿಮ್ಮ ಜೇಬಿನ ಮೊಬೈಲ್ ಎಲ್ಲವನ್ನೂ ಎಲ್ಲೆಲ್ಲಿ ತಯಾರಾಯಿತೆಂದು ಪಟ್ಟಿ ಮಾಡಿ, ಅದರಿಂದ ನೀವು ಯಾರೆಂದು ಯಾರಾದರೂ ಹೇಳಿದರೆ ಒಪ್ಪುತ್ತೀರಾ? ವಸ್ತು ಪ್ರಯಾಣ ಮಾಡುತ್ತದೆ. ಅದನ್ನು ಹೊತ್ತವರು ಒಬ್ಬರು, ಮಾರಿದವರು ಇನ್ನೊಬ್ಬರು, ಬಳಸಿದವರು ಮತ್ತೊಬ್ಬರು.

ಇದಕ್ಕೆ ಒಳ್ಳೆಯ ಉದಾಹರಣೆ ಪಿಥೆಕೂಸಾಯ್‌ನಿಂದ ಬಹಳ ದೂರ, ಮೆಡಿಟರೇನಿಯನ್ನಿನ ಪೂರ್ವ ತುದಿಯಲ್ಲಿದೆ. ಈಗಿನ ಟರ್ಕಿ-ಸಿರಿಯಾ ಗಡಿಯ ಬಳಿಯ ಅಲ್ ಮಿನಾ ಎಂಬಲ್ಲಿ ಲಿಯೊನಾರ್ಡ್ ವೂಲಿ 1930ರ ದಶಕದಲ್ಲಿ ಅಗೆದಾಗ ರಾಶಿ ರಾಶಿ ಗ್ರೀಕ್ ಮಡಕೆ ಚೂರು ಸಿಕ್ಕಿತು. ಗ್ರೀಕರ ನೆಲೆ ಎಂದೇ ಬಹಳ ಮಂದಿ ನಂಬಿದರು. ಆಮೇಲೆ ಪ್ರಶ್ನೆಗಳು ಎದ್ದವು: ಮನೆ ಕಟ್ಟಿದ ರೀತಿ ಸ್ಥಳೀಯ, ಸಿಕ್ಕ ಗ್ರೀಕ್ ಪಾತ್ರೆಗಳಲ್ಲಿ ಹೆಚ್ಚಿನವು ಕುಡಿಯುವ ಬಟ್ಟಲುಗಳು. ಗ್ರೀಕರು ಅಲ್ಲಿ ವಾಸವಿದ್ದರೋ, ಅಥವಾ ಸ್ಥಳೀಯರು, ಫಿನೀಷಿಯನ್ ವರ್ತಕರು ಗ್ರೀಕ್ ಬಟ್ಟಲನ್ನು ಇಷ್ಟಪಟ್ಟು ತರಿಸಿಕೊಂಡರೋ? ವಾದ ಇನ್ನೂ ಮುಗಿದಿಲ್ಲ.

ಪಿಥೆಕೂಸಾಯ್‌ನಲ್ಲಿ ಸಾಕ್ಷ್ಯ ಇನ್ನೂ ಗೋಜಲಾಗಿದೆ. ಹೆಂಗಸರ ಸಮಾಧಿಗಳಲ್ಲಿ ಇಟಲಿ ಮಾದರಿಯ ಪಿನ್ನುಗಳು ಸಿಕ್ಕಿದಾಗ ಬುಖ್ನರ್ ಒಂದು ವಾದ ಮುಂದಿಟ್ಟರು: ಬಂದ ಗಂಡಸರು ಗ್ರೀಕರು, ಅವರು ಮದುವೆಯಾದ ಹೆಂಗಸರು ಇಟಲಿಯವರು. 'ಶುದ್ಧ ಗ್ರೀಕ್ ವಸಾಹತು' ಎಂಬ ಕಲ್ಪನೆಗೆ ಅದು ದೊಡ್ಡ ಪೆಟ್ಟೇ. ಆದರೆ ನಂತರದವರು ಇದಕ್ಕೂ ಆಕ್ಷೇಪ ಎತ್ತಿದರು. ಮಡಕೆ ಜನ ಅಲ್ಲ ಅಂದಮೇಲೆ ಪಿನ್ನು ಹೇಗೆ ಜನ ಆಗುತ್ತೆ? ಗ್ರೀಕ್ ಹೆಂಗಸು ಸ್ಥಳೀಯ ಪಿನ್ನು ಚುಚ್ಚಿಕೊಂಡಿರಬಾರದೇಕೆ? ನ್ಯಾಯವಾದ ಪ್ರಶ್ನೆ. ತರ್ಕ ಎರಡೂ ಕಡೆ ಒಂದೇ ಆಗಿರಬೇಕು.

ಇನ್ನೊಂದು ಸಮಾಧಿ ನೋಡಿ. ಇಲ್ಲಿ ಎಳೆಗೂಸುಗಳು ಸತ್ತರೆ ದೊಡ್ಡ ಜಾಡಿಯೊಳಗಿಟ್ಟು ಹೂಳುವ ಪದ್ಧತಿ ಇತ್ತು. ಅಂಥ ಒಂದು ಜಾಡಿಯ ಮೇಲೆ ಗ್ರೀಕ್ ಅಲ್ಲ, ಸೆಮಿಟಿಕ್ ಲಿಪಿಯ ಗುರುತುಗಳಿವೆ. ತಮ್ಮ ಮಗುವನ್ನು ಆ ಜಾಡಿಯಲ್ಲಿ ಮಲಗಿಸಿದವರು ಯಾರು? ಪೂರ್ವದಿಂದ ಬಂದ ಕುಟುಂಬವೇ? ತಂದೆ ಒಂದು ಕಡೆಯವನು, ತಾಯಿ ಇನ್ನೊಂದು ಕಡೆಯವಳೇ? ಆ ಸ್ಮಶಾನದಲ್ಲಿ ಬೇರೆ ಬೇರೆ ಭಾಷೆಯವರು ಅಕ್ಕಪಕ್ಕ ಮಲಗಿದ್ದರು ಎನ್ನಲು ಇದು ಗಟ್ಟಿ ಸಾಕ್ಷಿ. ಯಾರು 'ಮೂಲ', ಯಾರು 'ಹೊರಗಿನವರು' ಎಂದು ಗೆರೆ ಎಳೆಯಲು ಮಾತ್ರ ಇದು ಬಿಡುವುದಿಲ್ಲ.

ಮಡಕೆಯೇ ಇಲ್ಲದವರು

ಆಮದು ಮಡಕೆಗಳ ಬಗ್ಗೆ ಮಾತಾಡುವಾಗ ನಾವು ಮರೆಯುವ ಒಂದು ಗುಂಪಿದೆ. ಅದೇ ಕಣಿವೆಯಲ್ಲಿ ಏನೂ ಇಲ್ಲದ ಸಮಾಧಿಗಳೂ ಇವೆ. ಶವವನ್ನು ಸುಟ್ಟು, ಮೇಲೆ ಕಲ್ಲಿನ ಗುಪ್ಪೆ ಹಾಕಿ, ಪಕ್ಕದಲ್ಲಿ ಪಾತ್ರೆ ಇಟ್ಟು ಗೌರವಿಸಿದ ಸಮಾಧಿಗಳ ನಡುವೆ, ಆಳವಿಲ್ಲದ ಗುಂಡಿಯಲ್ಲಿ ಕಾಲು ಮಡಿಸಿ ಮಲಗಿಸಿ ಮಣ್ಣು ಮುಚ್ಚಿದವರಿದ್ದಾರೆ. ಪಕ್ಕದಲ್ಲಿ ಒಂದು ಕುಡಿಕೆಯೂ ಇಲ್ಲ. ಇವರು ಗುಲಾಮರೋ, ಕೂಲಿಗಳೋ, ಸ್ಥಳೀಯ ಬಡವರೋ? ಪುರಾತತ್ವಜ್ಞರು ಈ ಎಲ್ಲ ಸಾಧ್ಯತೆಗಳನ್ನೂ ಮುಂದಿಟ್ಟಿದ್ದಾರೆ.

ನೆನಪಿಡಿ, ಎಲ್ಬಾದ ಅದಿರು ತಾನಾಗಿಯೇ ದೋಣಿ ಹತ್ತಲಿಲ್ಲ. ಯಾರೋ ಅಗೆದರು, ಹೊತ್ತರು, ಕುಲುಮೆ ಊದಿದರು. ಆವಿಗೆಗೆ ಹಸಿ ಕಟ್ಟಿಗೆ ಯಾರೋ ಕಡಿದು ತಂದರು. ಮ್ಯೂಸಿಯಂನ ಗಾಜಿನ ಕಪಾಟಿನಲ್ಲಿ ಕೂರುವುದು ಬಟ್ಟಲು ಹಿಡಿದು ಕುಡಿದವರ ವಸ್ತು. ಅದನ್ನು ಸಾಧ್ಯವಾಗಿಸಿದವರ ಬಳಿ ಕಪಾಟಿನಲ್ಲಿಡಲು ಏನೂ ಇಲ್ಲ. ಆಮದು ಮಡಕೆ ಎಣಿಸುತ್ತಾ ಇತಿಹಾಸ ಬರೆದರೆ ಬರೆಯುವುದು ಉಳ್ಳವರ ಇತಿಹಾಸವನ್ನೇ.

ಮೂಳೆಗಳು ಹೇಳಿದ ಮಾತು

ನೆಸ್ಟರನ ಬಟ್ಟಲಿಗೆ ಮರಳೋಣ. ಅದು ಸಿಕ್ಕಿದ್ದು 168ನೇ ಸಮಾಧಿಯಲ್ಲಿ. ಸುಟ್ಟ ಮೂಳೆಗಳನ್ನು ನೋಡಿ, ಇದು ಹತ್ತರಿಂದ ಹದಿನಾಲ್ಕರ ನಡುವಿನ ಮಗುವಿನದ್ದು ಎಂದು ದಶಕಗಳ ಕಾಲ ನಂಬಲಾಗಿತ್ತು. ಮಕ್ಕಳನ್ನು ಸಾಮಾನ್ಯವಾಗಿ ಸುಡದ ಊರಿನಲ್ಲಿ ಈ ಮಗುವನ್ನೇಕೆ ಸುಟ್ಟರು? ಕುಡಿತ, ಪ್ರೇಮದ ಪದ್ಯವಿರುವ ಬಟ್ಟಲನ್ನು ಮಗುವಿನ ಜೊತೆಗೇಕೆ ಇಟ್ಟರು? ವಿದ್ವಾಂಸರು ಇದರ ಸುತ್ತ ಪುಟಗಟ್ಟಲೆ ಬರೆದರು. ಬಾಲಕನ ಗ್ರೀಕ್ ಕುಲೀನತೆ, ಅವನ ತಂದೆಯ ಅಂತಸ್ತು, ಹೀಗೆ.

2021ರಲ್ಲಿ ಸಂಶೋಧಕರ ತಂಡವೊಂದು ಅದೇ ಮೂಳೆ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಮತ್ತೆ ಪರೀಕ್ಷಿಸಿತು. ಅಲ್ಲಿ ಮಗು ಇರಲೇ ಇಲ್ಲ. ಕನಿಷ್ಠ ಮೂವರು ವಯಸ್ಕರ ಮೂಳೆಗಳಿದ್ದವು. ಜೊತೆಗೆ ಪ್ರಾಣಿಗಳ ಮೂಳೆಯೂ ಇತ್ತು. ಒಂದು ಸೊಗಸಾದ ಕತೆ ಒಂದೇ ಏಟಿಗೆ ಬಿದ್ದುಹೋಯಿತು. ಬಟ್ಟಲು ಮೂವರಲ್ಲಿ ಯಾರದ್ದು ಎಂಬುದು ಈಗ ತೆರೆದ ಪ್ರಶ್ನೆ.

ಈ ತಿದ್ದುಪಡಿ ಸಾಧ್ಯವಾಗಿದ್ದು ಹೇಗೆ? ಬಟ್ಟಲಿನ ಜೊತೆ ಅದರ ಬೂದಿ, ಮೂಳೆ, ಸಮಾಧಿ ಸಂಖ್ಯೆ ಎಲ್ಲವನ್ನೂ ಜೋಪಾನ ಮಾಡಿದ್ದರಿಂದ. ಕಳ್ಳ ಅಗೆತದ ಮಾಲಿನಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಯೂಫ್ರೋನಿಯೋಸ್ ಎಂಬ ಚಿತ್ರಕಾರನ ಸಹಿಯಿರುವ ಅಥೆನ್ಸಿನ ದೊಡ್ಡ ಪಾತ್ರೆಯೊಂದನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 1972ರಲ್ಲಿ ಸುಮಾರು 10 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅದು ಇಟಲಿಯ ಚೆರ್ವೆತೇರಿ ಬಳಿಯ ಎಟ್ರುಸ್ಕನ್ ಸಮಾಧಿಯಿಂದ ಕದ್ದ ಮಾಲು ಎಂಬುದು ಬಯಲಾಗಿ, 2008ರಲ್ಲಿ ಇಟಲಿಗೆ ಮರಳಿತು. ಪಾತ್ರೆಯೇನೋ ಮರಳಿತು. ಅದರ ಪಕ್ಕದಲ್ಲಿ ಯಾರು ಮಲಗಿದ್ದರು, ಇನ್ನೇನಿತ್ತು ಎಂಬುದು ಮರಳಲಿಲ್ಲ. ಸಂದರ್ಭ ಕಳೆದುಕೊಂಡ ಮಡಕೆ ಚೆಂದದ ವಸ್ತು ಮಾತ್ರ. ಅದರ ಬಾಯಲ್ಲಿ ಯಾರು ಏನು ಬೇಕಾದರೂ ಹೇಳಿಸಬಹುದು.

'ವಸಾಹತು' ಎಂಬ ಪದ ಎಲ್ಲಿಂದ ಬಂತು

ಗ್ರೀಕರು ಇಂಥ ನೆಲೆಗಳಿಗೆ 'ಅಪೊಯಿಕಿಯಾ' ಅನ್ನುತ್ತಿದ್ದರು. ಅಕ್ಷರಶಃ 'ಮನೆಯಿಂದ ದೂರದ ಮನೆ'. ವ್ಯಾಪಾರದ ತಾಣಕ್ಕೆ 'ಎಂಪೋರಿಯೋನ್' ಎಂಬ ಬೇರೆ ಪದವಿತ್ತು. ಇಂಗ್ಲಿಷಿನ 'ಕಾಲೊನಿ' ಬಂದಿದ್ದು ಲ್ಯಾಟಿನ್ನಿನ 'ಕೊಲೋನಿಯಾ'ದಿಂದ. ಅದು ರೋಮ್ ಸರ್ಕಾರ ತನ್ನ ನಾಗರಿಕರನ್ನು, ಸೈನಿಕರನ್ನು ಕಳಿಸಿ ನೆಲ ಹಂಚಿ ಕೂರಿಸಿದ ಊರು. ಗ್ರೀಕ್ ನೆಲೆಗೆ ರೋಮಿನ ಪದ ಅಂಟಿಸಿ, ಅದರೊಳಗೆ ಬ್ರಿಟಿಷ್, ಫ್ರೆಂಚ್ ಸಾಮ್ರಾಜ್ಯಗಳ ಅರ್ಥ ತುಂಬಿದ್ದು ಆಮೇಲಿನವರ ಕೆಲಸ. ಕನ್ನಡದಲ್ಲೂ ನಮಗೆ ಇರುವುದು ಒಂದೇ 'ವಸಾಹತು'. ಈಸ್ಟ್ ಇಂಡಿಯಾ ಕಂಪನಿಗೂ ಅದೇ, ಪಿಥೆಕೂಸಾಯ್‌ಗೂ ಅದೇ. ಓದುವಾಗ ತಲೆಯಲ್ಲಿ ಮೂಡುವುದು ಕೋಟೆ, ಫಿರಂಗಿ, ತೆರಿಗೆ.

ಇದು ಬರೀ ಪದದ ಗೊಂದಲವಲ್ಲ. ಟಿ. ಜೆ. ಡನ್‌ಬಾಬಿನ್ ಬರೆದ 'ದಿ ವೆಸ್ಟರ್ನ್ ಗ್ರೀಕ್ಸ್' 1948ರಲ್ಲಿ ಬಂತು. ದಶಕಗಳ ಕಾಲ ಈ ವಿಷಯಕ್ಕೆ ಅದೇ ಪ್ರಮಾಣಗ್ರಂಥ. ಡನ್‌ಬಾಬಿನ್ ಹುಟ್ಟಿದ್ದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ. ಗ್ರೀಕ್ ತಾಯ್ನಾಡು ಮತ್ತು ವಸಾಹತುಗಳ ಸಂಬಂಧ ವಿವರಿಸಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೋಲಿಕೆಯನ್ನು ಬಳಸಿಕೊಂಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆ ಚೌಕಟ್ಟಿನಲ್ಲಿ ಗ್ರೀಕರು ಕೊಡುವವರು, ಸ್ಥಳೀಯರು ಪಡೆಯುವವರು. ಸ್ಥಳೀಯರ ಸಮಾಧಿಯಲ್ಲಿ ಗ್ರೀಕ್ ಮಡಕೆ ಸಿಕ್ಕರೆ ಅವರು 'ನಾಗರಿಕರಾಗುತ್ತಿದ್ದಾರೆ' ಎಂದರ್ಥ. ಗ್ರೀಕರ ಸಮಾಧಿಯಲ್ಲಿ ಸ್ಥಳೀಯ ವಸ್ತು ಸಿಕ್ಕರೆ ಅದಕ್ಕೆ ಅರ್ಥವೇ ಇಲ್ಲ. 1998ರಲ್ಲಿ ಇತಿಹಾಸಕಾರ ರಾಬಿನ್ ಆಸ್‌ಬೋರ್ನ್, ಆರಂಭಿಕ ಗ್ರೀಕ್ ಇತಿಹಾಸದ ಪುಸ್ತಕಗಳಿಂದ 'ವಸಾಹತೀಕರಣ' ಎಂಬ ಅಧ್ಯಾಯವನ್ನೇ ತೆಗೆದುಹಾಕಬೇಕು ಎಂದು ವಾದಿಸಿದರು. ರಾಜ್ಯವೊಂದು ಯೋಜನೆ ಹಾಕಿ ಕಳಿಸಿದ ದಂಡಯಾತ್ರೆಯಲ್ಲ, ಸಣ್ಣ ಸಣ್ಣ ಗುಂಪುಗಳ ನಿರಂತರ ಓಡಾಟ ಅದು ಎಂಬುದು ಅವರ ನಿಲುವು.

ಹಾಗಂತ ಎಲ್ಲವನ್ನೂ 'ಸಂಸ್ಕೃತಿಗಳ ಸಿಹಿ ಸಂಗಮ' ಎಂದು ತೇಲಿಸಿಬಿಟ್ಟರೆ ಅದೂ ಮೋಸವೇ. ಸಿಸಿಲಿಯ ಸಿರಾಕ್ಯೂಸ್ ಸ್ಥಾಪನೆಯಾದಾಗ ಅಲ್ಲಿದ್ದ ಸಿಕೆಲ್ ಜನರನ್ನು ಮೊದಲು ಹೊರದಬ್ಬಲಾಯಿತು ಎಂದು ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್ ಸ್ವತಃ ಬರೆದಿದ್ದಾನೆ. ಒಂದು ಕಡೆ ಮದುವೆ, ವ್ಯಾಪಾರ. ಇನ್ನೊಂದು ಕಡೆ ಒಕ್ಕಲೆಬ್ಬಿಸುವಿಕೆ. ಎರಡೂ ನಡೆದಿವೆ. ಕಷ್ಟ ಏನೆಂದರೆ, ಎರಡೂ ಊರುಗಳಲ್ಲಿ ಸಿಗುವ ಮಡಕೆ ಹೆಚ್ಚೂಕಡಿಮೆ ಒಂದೇ ಥರದ್ದು. ಬಟ್ಟಲು ಉಡುಗೊರೆಯಾಗಿ ಬಂತೋ, ವಿನಿಮಯದಲ್ಲಿ ಬಂತೋ, ಕತ್ತಿಯ ಹಿಂದೆ ಬಂತೋ, ಅದರ ಹೊಳಪು ಹೇಳುವುದಿಲ್ಲ.

ಗಡಿಯಾರ ಯಾರ ಕೈಯಲ್ಲಿದೆ

ಮಡಕೆಯ ಇನ್ನೊಂದು ಅಧಿಕಾರ ಕಾಲಗಣನೆ. ಗ್ರೀಕ್ ಮಡಕೆಯ ಆಕಾರ, ಅಲಂಕಾರ ಬೇಗ ಬೇಗ ಬದಲಾಗುತ್ತಿತ್ತು. ಹಾಗಾಗಿ ಒಂದು ಚೂರು ಸಿಕ್ಕರೆ ಆ ಪದರದ ಕಾಲವನ್ನು ಹೇಳಬಹುದು. ಆದರೆ ಮಡಕೆಯ ಕಾಲ ಗೊತ್ತಾಗಿದ್ದು ಹೇಗೆ? ಥೂಸಿಡಿಡೀಸ್ ಸಿಸಿಲಿಯ ನಗರಗಳು ಯಾವ ಕ್ರಮದಲ್ಲಿ ಹುಟ್ಟಿದವು ಎಂದು ಬರೆದಿದ್ದಾನೆ. ಅದರಿಂದ ಸಿರಾಕ್ಯೂಸಿಗೆ ಕ್ರಿ.ಪೂ. 733 ಎಂಬಂಥ ವರ್ಷಗಳು ಸಿಗುತ್ತವೆ. ಆ ಊರುಗಳ ಅತಿ ಹಳೆಯ ಪದರದಲ್ಲಿ ಸಿಕ್ಕ ಕೊರಿಂಥಿನ ಮಡಕೆಗೆ ಆ ವರ್ಷ ಹಚ್ಚಿದರು. ಆಮೇಲೆ ಅದೇ ಮಡಕೆ ಬೇರೆ ಊರಿನಲ್ಲಿ ಸಿಕ್ಕಾಗ ಆ ಊರಿಗೂ ಅದೇ ವರ್ಷ. ಥೂಸಿಡಿಡೀಸ್ ಬರೆದದ್ದು 300 ವರ್ಷಗಳ ನಂತರ. ಅವನು ತಪ್ಪಿದ್ದರೆ ಇಡೀ ಸರಪಳಿ ಅಲುಗುತ್ತದೆ.

ಪಿಥೆಕೂಸಾಯ್ ಇಲ್ಲೂ ಒಂದು ಉಪಕಾರ ಮಾಡಿತು. ಒಂದು ಮಗುವಿನ ಸಮಾಧಿಯಲ್ಲಿ ಈಜಿಪ್ಟಿನ ದೊರೆ ಬೊಖೋರಿಸನ ಹೆಸರಿರುವ ತಾಯಿತ ಸಿಕ್ಕಿತು. ಅವನು ಆಳಿದ್ದು ಕ್ರಿ.ಪೂ. 720ರಿಂದ 715ರ ಆಸುಪಾಸು. ಅಂದರೆ ಆ ಸಮಾಧಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಪಕ್ಕದಲ್ಲಿದ್ದ ಮಡಕೆಗಳೂ ಆ ಕಾಲದ ಆಚೀಚಿನವು. ಗ್ರೀಕ್ ಬರಹವನ್ನು ನೆಚ್ಚದೆ ಸಿಕ್ಕ ಸ್ವತಂತ್ರ ಸಾಕ್ಷಿ ಅದು.

ಈ ಗಡಿಯಾರದ ಕತೆಗೆ ಕರ್ನಾಟಕದ ನಂಟೂ ಇದೆ. ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದರು. ಇಟಲಿಯ ಅರೆಜ್ಜೋ ಕಡೆಯ ಕೆಂಪು ಹೊಳಪಿನ ಮಡಕೆ ಚೂರುಗಳು ಅಲ್ಲಿ ಸಿಕ್ಕವು. ಗ್ರೀಕರ ಕಪ್ಪು ಹೊಳಪಿನಂತೆಯೇ ನುಣುಪು ಮಣ್ಣಿನ ಕೆನೆಯಿಂದ ಬಂದ ಹೊಳಪು. ಅವುಗಳ ಕಾಲ, ಕ್ರಿಸ್ತಶಕದ ಆರಂಭದ ದಶಕಗಳು, ಯುರೋಪಿನಲ್ಲಿ ನಿಖರವಾಗಿ ಗೊತ್ತಿತ್ತು. ಅವುಗಳ ಜೊತೆ ಸಿಕ್ಕ, ತಳದಲ್ಲಿ ಸುತ್ತುಸುತ್ತಾಗಿ ಚುಕ್ಕೆಗಳ ಅಲಂಕಾರವಿರುವ ಮಡಕೆಗೂ ವೀಲರ್ ಅದೇ ಕಾಲ ಹಚ್ಚಿದರು. ಆ ಅಲಂಕಾರದ ತಂತ್ರವೇ ಮೆಡಿಟರೇನಿಯನ್ನಿನಿಂದ ಬಂದದ್ದೆಂದು ಭಾವಿಸಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಅದೇ ಚುಕ್ಕೆ ಮಡಕೆ ಅಲ್ಲೂ ಸಿಕ್ಕಿತು. ಅಲ್ಲಿಗೆ ನಮ್ಮ ನೆಲದ ಪದರಗಳಿಗೂ ರೋಮಿನ ಗಡಿಯಾರ ಬಂತು. ಅದರಿಂದ ಕೆಳಕ್ಕೆ ಲೆಕ್ಕ ಹಾಕಿ, ಬ್ರಹ್ಮಗಿರಿಯ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿಗಳ ಜನರನ್ನು ವೀಲರ್ ಕ್ರಿ.ಪೂ. 200ರಿಂದ ಈಚೆಗೆ ತಂದು ನಿಲ್ಲಿಸಿದರು.

ಆಮೇಲೇನಾಯ್ತು? 1965ರಲ್ಲಿ ಎಂ. ಎಸ್. ನಾಗರಾಜರಾವ್ ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದರು. ಇಂಗಾಲದ ಪರೀಕ್ಷೆ ಅಲ್ಲಿನ ಕಬ್ಬಿಣದ ಕಾಲವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಸುಮಾರು 800 ವರ್ಷಗಳ ವ್ಯತ್ಯಾಸ! ಚುಕ್ಕೆ ಮಡಕೆಯ ಮಣ್ಣನ್ನು ಪರೀಕ್ಷಿಸಿದಾಗ ಅದು ಭಾರತದ್ದೇ ಎಂದಾಯಿತು. ಅರಿಕಮೇಡುವನ್ನು ಮತ್ತೆ ಅಗೆದ ವಿಮಲಾ ಬೆಗ್ಲಿ, ಆ ಮಡಕೆಯ ಬಳಕೆ ರೋಮಿನ ಮಾಲು ಬರುವುದಕ್ಕಿಂತ ಮೊದಲೇ ಶುರುವಾಗಿತ್ತು ಎಂದು ತೋರಿಸಿದರು. ವೀಲರ್ ದಡ್ಡರಲ್ಲ, ಪದರ ಪದರವಾಗಿ ಅಗೆಯುವ ಶಿಸ್ತು ಕಲಿಸಿದ್ದೇ ಅವರು. ಆದರೆ ಆಮದು ಚೂರು ಸಿಕ್ಕೊಡನೆ ಅದನ್ನೇ ಅಳತೆಗೋಲು ಮಾಡಿ, ಸ್ಥಳೀಯರ ಚರಿತ್ರೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸುವ ಅಭ್ಯಾಸ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಇದು ನಮ್ಮ ಮನೆಯ ಉದಾಹರಣೆ.

ಚೂರು ಸಿಕ್ಕಾಗ ಕೇಳಬೇಕಾದ್ದು

ಇದರ ತಿರುಗುಮುರುಗೂ ಅಷ್ಟೇ ಅಪಾಯ. ಸ್ವಾತಂತ್ರ್ಯದ ನಂತರ ಹಸ್ತಿನಾಪುರದಲ್ಲಿ ಸಿಕ್ಕ ಬೂದು ಬಣ್ಣದ ಚಿತ್ರಿತ ಮಡಕೆಯನ್ನು ಬಿ. ಬಿ. ಲಾಲ್ ಮಹಾಭಾರತದ ಜೊತೆ ಜೋಡಿಸಿದರು. ಮಡಕೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಹೊರಗಿನವರ ಮಡಕೆ ತೋರಿಸಿ 'ನಾವೇ ನಾಗರಿಕತೆ ತಂದವರು' ಎನ್ನುವುದೂ, ಒಳಗಿನ ಮಡಕೆ ತೋರಿಸಿ 'ನಾವೇ ಮೊದಲಿಗರು, ಉಳಿದವರು ಹೊರಗಿನವರು' ಎನ್ನುವುದೂ ಒಂದೇ ತಪ್ಪಿನ ಎರಡು ಮುಖ. ಎರಡರಲ್ಲೂ ಮಡಕೆ ಪೌರತ್ವದ ದಾಖಲೆಯಾಗಿಬಿಡುತ್ತದೆ.

ಉತ್ಖನನದ ಸುದ್ದಿ ಈಗ ಮೊದಲು ಬರುವುದು ಫೋನಿಗೆ. 'ಸಿಕ್ಕಿತು ಸಾಕ್ಷಿ' ಎಂಬ ತಲೆಬರಹ ಓದಿದ ಕೂಡಲೇ ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಮಡಕೆಯ ಮಣ್ಣು ಎಲ್ಲಿಯದೆಂದು ಪರೀಕ್ಷೆ ಆಗಿದೆಯೇ, ಅಥವಾ ನೋಡಿ ಹೇಳಿದ್ದೇ? ಅದು ಸಿಕ್ಕ ಜಾಗದಲ್ಲಿ ಜೊತೆಗೆ ಇನ್ನೇನಿತ್ತು? ಕಾಲ ನಿರ್ಧಾರವಾಗಿದ್ದು ಯಾವ ಆಧಾರದಿಂದ, ಆ ಆಧಾರ ಸ್ವತಂತ್ರವೇ? ಕೊನೆಯದಾಗಿ, ಅದೇ ಸ್ಥಳದಲ್ಲಿ ಮಡಕೆಯೇ ಇಲ್ಲದೆ ಮಲಗಿದವರ ಬಗ್ಗೆ ವರದಿ ಏನು ಹೇಳುತ್ತದೆ? ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲದ ವರದಿ ಅರ್ಧ ವರದಿ.

ಬಟ್ಟಲು ಈಗ ಲಾಕ್ಕೋ ಅಮೇನೋದ ವಿಲ್ಲಾ ಅರ್ಬುಸ್ತೋ ಮ್ಯೂಸಿಯಂನಲ್ಲಿದೆ, ಅದು ಸಿಕ್ಕ ಕಣಿವೆಯ ಹತ್ತಿರವೇ. ಅದರ ಮೇಲೆ ಅಕ್ಷರ ಗೀಚಿದವನು ಯಾವ ಕುಲ, ಯಾವ ನಾಡು ಎಂದು ಬರೆಯಲಿಲ್ಲ. ಬರೆದದ್ದು ಕುಡಿತ ಮತ್ತು ಪ್ರೇಮದ ಬಗ್ಗೆ. ಅವನನ್ನು ಗ್ರೀಕನನ್ನಾಗಿ, ವಸಾಹತುಗಾರನನ್ನಾಗಿ ಮಾಡಿದ್ದು ಅವನನ್ನು ಓದಿದ ನಾವು. ಅವನು ಗ್ರೀಕನೇ ಇದ್ದಿರಬಹುದು. ಆದರೆ ಅದನ್ನು ಸಾಬೀತು ಮಾಡುವ ಹೊಣೆ ಬಟ್ಟಲಿನದ್ದಲ್ಲ, ಹೇಳುವವರದ್ದು.